ಹುಳದ ಮನೆಯ ಅತ್ತರು

ಮದುವೆಯಾದಾಗಿನಿಂದ ನಾನು ಮುಖಕ್ಕೆ ಪೌಡರ್ ಹಾಕಿಲ್ಲ. ಬಡತನಕ್ಕಲ್ಲ, ವ್ರತಕ್ಕೂ ಅಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ, ಅಷ್ಟೇ. ಹುಳಕ್ಕೆ ವಾಸನೆ ಆಗದು. ಬೀಡಿ, ಸೆಂಟು, ಘಮ್ಮೆನ್ನುವ ಸೋಪು, ಯಾವುದೂ ಆಗದು. ವಿರೂಪಾಕ್ಷಿಪುರದ ಈ ಮನೆಗೆ ಸೊಸೆಯಾಗಿ ಬಂದ ಮಾರನೇ ಬೆಳಗ್ಗೆ ನಮ್ಮತ್ತೆ ಮಾರಕ್ಕ ನನ್ನ ಜಡೆಯ ಮಲ್ಲಿಗೆಯನ್ನು ತಾವೇ ಬಿಚ್ಚಿ ಹಸುವಿನ ಕೊಂಬಿಗೆ ಸುತ್ತಿದರು. "ಹುಳ ಗೂಡು ಕಟ್ಲಿ, ಆಮ್ಯಾಕೆ ಮುಡ್ಕೊಳೀವಂತೆ" ಅಂದರು. ನಮ್ಮದು ಎರಡು ಹುಳದ ಮನೆ. ಒಂದರಲ್ಲಿ ಗೂಡು ಕಟ್ಟುವಷ್ಟರಲ್ಲಿ ಇನ್ನೊಂದಕ್ಕೆ ಮರಿಹುಳ ಬಂದಿರುತ್ತದೆ. ಹಾಗಾಗಿ ಅತ್ತೆ ಹೇಳಿದ ಆ 'ಆಮ್ಯಾಕೆ' ಹದಿನೆಂಟು ವರ್ಷವಾದರೂ ಬರಲಿಲ್ಲ. ಹಸು ಮಾತ್ರ ಆವತ್ತು ಚೆನ್ನಾಗಿ ಕಾಣುತ್ತಿತ್ತು.

ಇಂಥ ನನಗೆ ಹಡಗಿನ ಟಿಕೆಟ್ಟು ಬಂತು.

ಚನ್ನಪಟ್ಟಣದಲ್ಲಿ ನಾವು ಗೊಬ್ಬರ, ಸುಣ್ಣ, ಬ್ಲೀಚಿಂಗ್ ಪೌಡರ್ ತರುವ ಅಂಗಡಿಯವರು ಹಬ್ಬಕ್ಕೆ ಲಕ್ಕಿ ಡ್ರಾ ಇಟ್ಟಿದ್ದರು. ನನ್ನ ಕಣ್ಣು ಮೂರನೇ ಬಹುಮಾನದ ಮಿಕ್ಸಿಯ ಮೇಲಿತ್ತು. ಬಂದದ್ದು ಎರಡನೆಯದು. ಕೊಚ್ಚಿಯಿಂದ ಹೊರಟು ಸಮುದ್ರ ಸುತ್ತಿಸಿ ಕರೆತರುವ ಕ್ರೂಸು, ಗಂಡ ಹೆಂಡತಿ ಇಬ್ಬರಿಗೆ. ಅಂಗಡಿಯವರು ಒತ್ತಿ ಹೇಳಿದರು: "ಹದಿನೆಂಟು ತುಂಬಿದೋರ್ಗೆ ಮಾತ್ರ ಕಣಮ್ಮ. ಮಕ್ಳನ್ನ ಹಡಗಿಗೆ ಹತ್ತುಸ್ಕೊಳಲ್ಲ."

ಮನೆಯಲ್ಲಿ ಗುಲ್ಲೋ ಗುಲ್ಲು. ಐದನೇ ಕ್ಲಾಸಿನ ಮಗ ತೇಜಸ್ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಬಂದು, "ನಂಗೆ ಹದಿನೆಂಟು ತುಂಬೈತೆ" ಅಂದ. ಹೈಸ್ಕೂಲಿನ ಮಗಳು ಸಿಂಚನ ಒಂದು ದಿನ ಮಾತು ಬಿಟ್ಟಳು. ಅತ್ತೆ ಮಾತ್ರ, "ಹುಳ ಚಂದ್ರಿಕೆ ಹತ್ತಿದ್ ಮ್ಯಾಲೆ ಗೂಡು ಬಿಡ್ಸೋಗಂಟ ಏನ್ ಕೆಲ್ಸ ಐತೆ? ಬೋರನೂ ನೀನೂ ಹೋಗ್ ಬನ್ನಿ. ಹೊಸ ಮರಿ ಬಂದ್ರೆ ನಾನು ನೋಡ್ಕೋತೀನಿ" ಅಂದುಬಿಟ್ಟರು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ. ಅತ್ತೆಯ ಬಾಯಿಂದ ಇಂಥ ಮಾತು ಬಂದೀತೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಚನ್ನಪಟ್ಟಣದ ಪೇಟೆಯಲ್ಲಿ ನನ್ನ ಸ್ಕೂಲಿನ ಗೆಳತಿ ಅಮೀರುನ್ನೀಸಾ ಇದ್ದಾಳೆ, ಬೊಂಬೆಗೆ ಬಣ್ಣ ಹಾಕುತ್ತಾಳೆ. ಸುದ್ದಿ ಹೇಳಲು ಹೋದೆ. ಅವಳು ಬಣ್ಣದ ಕೈಯನ್ನೇ ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ, ಹೆಬ್ಬೆರಳಷ್ಟು ಉದ್ದದ ಅತ್ತರಿನ ಬಾಟಲಿ ತಂದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು.

"ಹಡಗಲ್ಲಿ ನಿನ್ ಹುಳ ಇರಲ್ಲ ಅಲ್ವೇನೆ ರತ್ನ? ಹಾಕ್ಕೊ. ಹಾಕ್ಕೊಂಡು ನಿನ್ ಗಂಡನ ಪಕ್ಕ ನಿಂತ್ಕೊ. ಆಮೇಲೆ ಏನಾಯ್ತು ಅಂತ ನಂಗೆ ಹೇಳ್ಬೇಕು!"

ನನಗೆ ನಾಚಿಕೆಯಾಯಿತು. ಆದರೂ ಬಾಟಲಿಯನ್ನು ರವಿಕೆಯೊಳಗೆ ಇಟ್ಟುಕೊಂಡೇ ಬಂದೆ. ಹಡಗು, ಸಮುದ್ರ, ದ್ವೀಪ ಎಲ್ಲ ಹಾಗಿರಲಿ, ನನಗೆ ಬೇಕಾಗಿದ್ದದ್ದು ಒಂದೇ ಒಂದು. ಆ ಬಾಟಲಿಯ ಮುಚ್ಚಳ ತೆಗೆದು, ಕಿವಿಯ ಹಿಂದೆ ಹಚ್ಚಿಕೊಂಡು, ಒಂದು ಸಂಜೆ ನಮ್ಮನೆಯವರ ಜೊತೆ ಓಡಾಡಬೇಕು. ಅಷ್ಟಾದರೆ ಸಾಕು ಅಂದುಕೊಂಡೆ.

ಕೊಚ್ಚಿಯ ಹಡಗು ನೋಡಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಒಂದು ಪೇಟೆಯನ್ನೇ ಎತ್ತಿ ನೀರಿನ ಮೇಲೆ ಇಟ್ಟಂತಿತ್ತು. ನಮಗೆ ಅಂತಲೇ ಒಂದು ರೂಮು, ಅದಕ್ಕೊಂದು ಕಿಟಕಿ, ಮಂಚದ ಮೇಲೆ ಟವೆಲ್ಲಿನಲ್ಲಿ ಮಡಚಿ ಮಾಡಿದ ಹಂಸ! ವಯಸ್ಸಾದ ಮಲಯಾಳಿ ಒಬ್ಬರು, ದೊಡ್ಡ ಮೀಸೆಯವರು, ರೂಮು ನೋಡಿಕೊಳ್ಳುತ್ತಿದ್ದರು. ಹಂಸ ಮಾಡಿದ್ದು ಅವರೇ. ಊಟದ ಹಾಲಿನಲ್ಲಿ ನಮ್ಮನೆಯವರು ಒಂದೇ ತಟ್ಟೆಗೆ ಇಡ್ಲಿ, ನೂಡಲ್ಸ್, ಕಲ್ಲಂಗಡಿ, ಕೇಕು ಎಲ್ಲ ಪೇರಿಸಿಕೊಂಡು ಬಂದು, "ಒಸಿ ಉಪ್ಸಾರು ಇದ್ದಿದ್ರೆ ಸ್ವರ್ಗ ಕಣಮ್ಮಿ" ಅಂದರು. ನಾನು ಉಂಡು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಯಾರೋ ಬಂದು ಎತ್ತಿಕೊಂಡು ಹೋದರು. ಸಾಕ್ಸ್ ಎಲ್ಲಿ, ಪೆನ್ನು ಎಲ್ಲಿ, ಸೊಪ್ಪು ಬಂತಾ ಅಂತ ಕೇಳುವವರು ಒಬ್ಬರೂ ಇಲ್ಲ. ಹಡಗು ಹೊರಟಾಗ ನನ್ನ ತಲೆ ಗಿರ್ರೆಂದಿತು. ಅದು ಅಲೆಗಲ್ಲ, ಖುಷಿಗೆ.

ಆದರೆ ನಮ್ಮನೆಯವರ ಮೇಲೆ ನನಗೆ ಒಂದು ಕಣ್ಣಿತ್ತು. ಒಂದು ಬ್ಯಾಗನ್ನು ದಾರಿಯುದ್ದಕ್ಕೂ ನನ್ನ ಕೈಗೆ ಕೊಟ್ಟಿರಲಿಲ್ಲ. ಬಂದರಿನಲ್ಲಿ ಚೆಕ್ ಮಾಡುವವನು ಅದರಲ್ಲಿ ಸೊಪ್ಪು ಕಂಡು ಹುಬ್ಬೇರಿಸಿದಾಗ, "ಶುಗರ್ ಗೆ ಔಷಧಿ, ಶುಗರ್, ಶುಗರ್" ಅಂದು ಎದೆ ಬಡಿದುಕೊಂಡಿದ್ದರು. ಇವರಿಗೆ ಯಾವ ಶುಗರ್ರೂ ಇಲ್ಲ. ರೂಮಿನ ಏಸಿ ಆರಿಸಿದರು. ಸ್ನಾನಕ್ಕೆ ಹೋದರೆ ಸೋಪಿಲ್ಲ. "ಇಟ್ಟೇ ಇಲ್ವೇನೋ" ಅಂದರು, ನನ್ನ ಮುಖ ನೋಡದೆ. ಅವರ ಬೂಟಿನೊಳಗೆ ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸೋಪು ಆಮೇಲೆ ಸಿಕ್ಕಿತು.

ಸಂಜೆಗೆ ಮೇಲಿನ ಡೆಕ್ಕಿನಲ್ಲಿ ಹಾಡು ಶುರುವಾಯಿತು. ನಾನು ಗಿಳಿಹಸಿರಿನ ಸೀರೆ ಉಟ್ಟು, ಕನ್ನಡಿಯ ಮುಂದೆ ನಿಂತು, ಅತ್ತರಿನ ಬಾಟಲಿ ಹಿಡಿದು ಮುಚ್ಚಳಕ್ಕೆ ಕೈ ಹಾಕಿದೆ.

"ಅಯ್ಯೋ, ತೆಗೀಬ್ಯಾಡ ಕಣೇ!"

ಮಂಚದಿಂದ ಹಾರಿ ಬಂದವರೇ ನನ್ನ ಕೈ ಹಿಡಿದುಕೊಂಡರು. ಆಗ ಕೇಳಿಸಿತು. ಚರಚರ, ಚರಚರ. ಈ ಸದ್ದು ಮಧ್ಯಾಹ್ನದಿಂದ ನನ್ನ ಕಿವಿಯಲ್ಲಿತ್ತು. ಹದಿನೆಂಟು ವರ್ಷ ಕೇಳಿದ ಸದ್ದು, ಅದಕ್ಕೇ ಸದ್ದು ಅಂತ ಅನ್ನಿಸಿರಲಿಲ್ಲ. ಹೋಗಿ ಅವರ ಬ್ಯಾಗು ಬಿಚ್ಚಿದೆ. ಒಳಗೆ ಸೀರೆಯ ರಟ್ಟಿನ ಡಬ್ಬ, ಮುಚ್ಚಳದ ತುಂಬ ತೂತು. ತೆಗೆದರೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಒಂದು ಬೊಗಸೆ ಹುಳ ತಲೆ ಎತ್ತಿ ನನ್ನನ್ನೇ ನೋಡಿದವು.

ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅನ್ನುತ್ತಾರಲ್ಲ, ಅದು ನನ್ನನ್ನೇ ನೋಡಿ ಹೇಳಿದ್ದಿರಬೇಕು.

"ಏನ್ರೀ ಇದು?"

"ಹಿಂದುಳ್ದಿದ್ವು ಕಣೇ. ಎಲ್ಲಾ ಚಂದ್ರಿಕೆ ಹತ್ಬುಟ್ವು, ಇವು ಒಸಿ ಹತ್ಲಿಲ್ಲ. ಅವ್ವ ಕೋಳಿಗೆ ಹಾಕು ಅಂದ್ಲು. ಮನ್ಸು ಬರ್ಲಿಲ್ಲ."

"ಮಕ್ಳನ್ನ ಹತ್ತುಸ್ಕೊಳಲ್ಲ ಅಂದವ್ರೆ ಈ ಹಡಗಲ್ಲಿ. ಹೆತ್ತ ಮಕ್ಳನ್ನೇ ಬುಟ್ಟು ಬಂದಿವ್ನಿ!"

"ಇವು ಮಕ್ಳಲ್ಲ ಕಣೇ," ಅಂದರು, ತೀರಾ ಗಂಭೀರವಾಗಿ. "ನಾಕನೇ ಜ್ವರ ಎದ್ದಿರೋವು. ದೊಡ್ಡೋವೇ."

ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಅದು ದೊಡ್ಡ ಹುಳವೇ ಸರಿ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆವತ್ತು ಮೈಯೆಲ್ಲ ಉರಿದುಹೋಯಿತು.

"ಕೊಡಿ ಇಲ್ಲಿ, ಸಮುದ್ರಕ್ಕೆ ಎಸ್ದು ಬತ್ತೀನಿ."

"ಮೀನು ತಿಂತವೆ ಕಣೇ!"

"ಊರಲ್ಲಿ ಕೋಳಿ ತಿಂದ್ರೂ ಸಂಕಟ, ಇಲ್ಲಿ ಮೀನು ತಿಂದ್ರೂ ಸಂಕಟ. ನಾನು ಒಂದಿನ ಒಸಿ ಅತ್ತರು ಹಚ್ಕೊಳನ ಅಂದ್ರೆ ಮಾತ್ರ ನಿಮ್ಗೆ ಸಂಕಟ ಇಲ್ಲ!"

ಬಾಟಲಿಯನ್ನು ಮಂಚದ ಮೇಲೆ ಎಸೆದು ಒಬ್ಬಳೇ ಮೇಲೆ ಹೋದೆ. ಅಲ್ಲಿ ತಲೆ ನರೆತ ಗಂಡ ಹೆಂಡಿರೆಲ್ಲ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಪಕ್ಕದಲ್ಲಿ ಹಾದುಹೋದ ಒಬ್ಬೊಬ್ಬಳದೂ ಒಂದೊಂದು ಘಮ. ನಾನೊಬ್ಬಳು ಸೋಪೂ ಇಲ್ಲದೆ ಮಿಂದು ಬಂದವಳು. ಅಳು ಬಂತು. ತಡೆಯಲಿಲ್ಲ, ಸಮುದ್ರದ ಕಡೆ ತಿರುಗಿ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವರು ಬಂದು ಪಕ್ಕದಲ್ಲಿ ನಿಂತರು. ಕಂಬಿಯನ್ನು ಉಗುರಿನಲ್ಲಿ ಕೆರೆಯತೊಡಗಿದರು.

"ಕೋಳಿಗೆ ಹಾಕಕ್ಕೆ ಮನ್ಸು ಬರ್ಲಿಲ್ಲ ಅಂದ್ನಲ್ಲ, ಅದು ಅರ್ಧ ಸುಳ್ಳು ಕಣಮ್ಮಿ," ಅಂದರು. "ಹೆದ್ರಿಕೆ ಆಯ್ತು."

"ಯಾತಕ್ಕೆ? ಸಮುದ್ರಕ್ಕಾ?"

"ನಿನಗೆ."

ನಾನು ತಿರುಗಿ ನೋಡಿದೆ.

"ಸೊಪ್ಪು ಬಂತಾ, ಜ್ವರ ಎದ್ವಾ, ಹುಳದ ಹಾಸಿಗೆ ತೆಗುದ್ಯಾ. ನಿನ್ ತಾವ ನಾನು ಮಾತಾಡಿರೋದು ಇಷ್ಟೇಯ. ಮಕ್ಳೂ ಇಲ್ದೆ, ಹುಳಾನೂ ಇಲ್ದೆ, ಇಷ್ಟು ದಿನ ನಿನ್ ಮುಂದೆ ಕೂತ್ಕೊಂಡು ಏನ್ ಮಾತಾಡ್ಲಿ? ಬೋರ ಅಂದ್ರೆ ಇಷ್ಟೇನಾ ಅಂತ ನಿಂಗೆ ಅನ್ಸುಬುಟ್ರೆ? ಹುಳ ಇದ್ರೆ ಏನೋ ಒಂದು ಮಾತು ಇರ್ತದೆ ಅಂತ ತಂದೆ."

ಇಷ್ಟು ಉದ್ದದ ಮಾತನ್ನು ಅವರು ನನ್ನ ಹತ್ತಿರ ಹುಳದ ಬಗ್ಗೆ ಕೂಡ ಆಡಿರಲಿಲ್ಲ. ನನಗೆ ಸಿಟ್ಟು ಇಳಿಯಿತು ಅಂದರೆ ಸುಳ್ಳು. ಸಿಟ್ಟು ಇದ್ದೇ ಇತ್ತು, ಅದರ ಪಕ್ಕದಲ್ಲೇ ನಗುವೂ ಬಂತು.

"ಈಗ ಆಡುದ್ರಲ್ಲ. ಇದ್ರಲ್ಲಿ ಹುಳ ಎಲ್ಲೈತೆ?" ಅಂದೆ.

ಅವರೂ ನಕ್ಕರು. ನಕ್ಕದ್ದೇ ತಪ್ಪಾಯಿತು, ನಿಲ್ಲಿಸಲು ಇಬ್ಬರಿಗೂ ಆಗಲಿಲ್ಲ. ಕುಣಿಯುತ್ತಿದ್ದವರು ಕುಣಿತ ಬಿಟ್ಟು ನಮ್ಮನ್ನು ನೋಡಿದರು. ಮದುವೆಗೆ ಮುಂಚೆ ಹೆಣ್ಣು ನೋಡಲು ಕನಕಪುರದ ನಮ್ಮ ಮನೆಗೆ ಬಂದಾಗ ಅಂಜಿಕೆಗೆ ನಮ್ಮಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದು ತಾವೇ ಅಂತ ಆವತ್ತು ಒಪ್ಪಿಕೊಂಡರು. ನಮ್ಮಪ್ಪ ಆ ಚಪ್ಪಲಿಗಾಗಿ ನಾಯಿಯನ್ನು ಬಯ್ದಿದ್ದರು.

ಮಾರನೇ ಬೆಳಗ್ಗೆ ತಿಂಡಿ ತಿಂದು ರೂಮಿಗೆ ಬಂದರೆ ಡಬ್ಬ ಖಾಲಿ. ಸೊಪ್ಪು ಹಾಗೇ ಇದೆ, ಹುಳ ಇಲ್ಲ. ಮಂಚದ ಕೆಳಗೆ, ಪರದೆಯ ಹಿಂದೆ ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಸಿಕ್ಕಿದ್ದು ಹಂಸದ ಮೇಲೆ. ಹುಳ ಹಣ್ಣಾಗಿದ್ದವು, ಹತ್ತಲು ಚಂದ್ರಿಕೆ ಬೇಕಿತ್ತು, ಟವೆಲ್ಲಿನ ಹಂಸ ಕಂಡಿತು, ಹತ್ತಿದವು. ಕತ್ತಿನ ಮಡಿಕೆಯಲ್ಲಿ, ರೆಕ್ಕೆಯ ಸಂದಿಯಲ್ಲಿ ತಲೆ ಆಡಿಸುತ್ತಾ ನೂಲು ಬಿಡುತ್ತಿದ್ದವು. ನಮ್ಮನೆಯವರ ಮುಖ ನೋಡಬೇಕಿತ್ತು. "ನೋಡ್ದಾ, ಎಷ್ಟು ಬುದ್ಧಿ!" ಅಂದರು, ಮಗ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ.

ರೂಮಿನ ಮೀಸೆಯವರು ಮಂಚ ಸರಿ ಮಾಡಲು ಬಂದರೆ ನಾವು ಬಾಗಿಲಲ್ಲೇ ನಿಂತು ಕೈ ಮುಗಿದು ಕಳಿಸಿಬಿಡುತ್ತಿದ್ದೆವು. ಹೊಸ ಮದುಮಕ್ಕಳೆಂದು ತಿಳಿದರೋ ಏನೋ, ಮೀಸೆಯಡಿ ನಗುತ್ತಾ ಹೋಗುತ್ತಿದ್ದರು. ಆದರೂ ದ್ವೀಪ ನೋಡಲು ನಾವು ಇಳಿದು ಹೋದ ದಿನ ಅವರು ಒಳಗೆ ಬಂದಿದ್ದಾರೆ. ಹೋಗುವಾಗ ಹಂಸ ಒಂದಿತ್ತು, ವಾಪಸು ಬಂದಾಗ ಎರಡಿದ್ದವು. ಗೂಡಿದ್ದ ಹಂಸವನ್ನು ಮುಟ್ಟದೆ, ಅದರ ಎದುರಿಗೆ ಜೋಡಿ ಹಂಸ ಮಾಡಿ ಕೂರಿಸಿ, ಸುತ್ತ ಬಿಳಿ ಕರವಸ್ತ್ರವನ್ನು ಹಕ್ಕಿಗೂಡಿನ ಹಾಗೆ ಮಡಚಿಟ್ಟಿದ್ದರು. ಬಾಗಿಲಲ್ಲಿ ಸಿಕ್ಕಾಗ ಮುಗುಳ್ನಗುತ್ತಾ ಬೆರಳಲ್ಲಿ ಮೊಟ್ಟೆಯ ಆಕಾರ ಬರೆದು, "ಮದರ್, ಫಾದರ್" ಅಂದರು. ನಾನು ನಗು ತಡೆಯಲಾರದೆ ಬಾತ್‌ರೂಮಿಗೆ ಓಡಿದೆ.

ಹುಳ ಗೂಡಿನೊಳಗೆ ಸೇರಿ ಮುಗಿದ ಮೇಲೆ ಅತ್ತರಿನ ಹೊಳೆ ಹರಿಸಿದರೂ ಅದಕ್ಕೇನೂ ಆಗದು. ಕೊನೆಯ ಸಂಜೆ ನಮ್ಮನೆಯವರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಮುಗೀತು" ಅಂದರು. ಬಾಟಲಿಯನ್ನು ತಾವೇ ಹುಡುಕಿ ತಂದು, ಮುಚ್ಚಳ ತೆಗೆದು ನನಗೆ ಕೊಟ್ಟರು. ಕಿವಿಯ ಹಿಂದೆ ಒಂದು ಹನಿ, ಮಣಿಕಟ್ಟಿಗೆ ಒಂದು ಹನಿ ಹಚ್ಚಿದೆ. ರೂಮೆಲ್ಲ ಘಮ್ಮೆಂದಿತು. ನನಗೆ ನಾನೇ ಹೊಸಬಳಾದೆ.

ಡೆಕ್ಕಿನ ಮೇಲೆ ಹೊತ್ತು ಮುಳುಗುತ್ತಿತ್ತು. ಅವರು ಹತ್ತಿರ ಬಂದು, ಹುಳದ ಮನೆಯಲ್ಲಿ ಸೊಪ್ಪು ಮೂಸಿ ನೋಡುವ ಹಾಗೆಯೇ, ಕಣ್ಣು ಮುಚ್ಚಿ ಮೂಸಿದರು.

"ಮದ್ವೆ ದಿನ ನೀನು ಹಿಂಗೇ ಘಮ್ ಅಂತಿದ್ದೆ."

"ನೆನಪೈತಾ?"

"ಅದೊಂದೇ ದಿನ ಅಲ್ವಾ. ಹೆಂಗೆ ಮರೀಲಿ?"

ಹಾಡು ಬದಲಾಯಿತು. ಕುಣಿಯಲು ಬಾರದ ನಾವಿಬ್ಬರೂ ಕುಣಿದೆವು. ನಮ್ಮನೆಯವರು ರಾಗಿ ತುಳಿಯುವವರಂತೆ ಕಾಲು ಹಾಕುತ್ತಿದ್ದರು, ನನ್ನ ಕಾಲನ್ನೂ ತುಳಿದರು. ಹೆದರಿದ್ದ ಮನುಷ್ಯ ಆವತ್ತು ಮಾತು ನಿಲ್ಲಿಸಲೇ ಇಲ್ಲ.

ಊರಿಗೆ ಬಂದಾಗ ಎರಡನೇ ಹುಳದ ಮನೆಗೆ ಆಗಲೇ ಹೊಸ ಮರಿ ಬಂದಿತ್ತು. ಅತ್ತೆ ಬಾಗಿಲಲ್ಲಿ ನಿಂತು, ದೂರದಿಂದಲೇ ಮೂಗು ಎತ್ತಿದರು.

"ಅಲ್ಲೇ ನಿಂತ್ಕೊಳಿ! ಏನ್ಲಾ ಬೋರ ಇದು, ಮದ್ವೆ ಮನೆ ವಾಸ್ನೆ? ಇದು ಹೋಗೋಗಂಟ ಇಬ್ರೂ ಈ ಕಡೆ ತಲೆ ಹಾಕಂಗಿಲ್ಲ!"

ಗೂಡಿಗೆ ವಾಸನೆಯ ಅಡ್ಡಿಯಿಲ್ಲವಲ್ಲ, ಮೊದಲ ಮನೆಯ ಗೂಡನ್ನು ನಾವಿಬ್ಬರೇ ಕೂತು ಬಿಡಿಸಿದೆವು. ಸೊಪ್ಪು ಹಾಕುವ ಕೆಲಸ ಅಜ್ಜಿ ಮೊಮ್ಮಕ್ಕಳದಾಯಿತು. ಹಡಗಿಂದ ಏನು ತಂದಿರಿ ಅಂದ ತೇಜಸ್‌ಗೆ ಹಂಸದ ಮೇಲಿನ ಗೂಡು ಕೊಟ್ಟರೆ, "ಇದು ನಮ್ಮನೇದೇ ಅಲ್ವಾ?" ಅಂತ ಮುಖ ಊದಿಸಿದ. ಉಳಿದ ಹೊತ್ತು ನಾವು ಜಗಲಿಯ ಮೇಲೆ ಕಡಲೆಕಾಯಿ ತಿನ್ನುತ್ತಾ ಮಾತಾಡಿದೆವು. ಅಷ್ಟೊಂದು ಮಾತು ಇಷ್ಟು ವರ್ಷ ಎಲ್ಲಿತ್ತೋ ತಿಳಿಯದು.

ಅತ್ತರು ಎಷ್ಟು ಒಳ್ಳೆಯದಾದರೂ ಒಂದು ದಿನ ಹೋಗಲೇಬೇಕು. ಹೋಯಿತು. ಬೆಳಗ್ಗೆ ಅತ್ತೆ ಅಂಗಳದಿಂದ ಕೂಗಿದರು: "ಬಾರ್ಲಾ ಬೋರ, ಸೊಪ್ಪು ಬಂದೈತೆ! ರತ್ನ, ನೀನೂ ಬಾ!"

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಮನಸ್ಸು ಸಪ್ಪಗಾಯಿತು, ಸುಳ್ಳು ಯಾಕೆ ಹೇಳಲಿ? ನಮ್ಮನೆಯವರು, "ಒಸಿ ತಡಿ" ಅಂದು ಒಳಗೆ ಹೋದರು. ನಾನು ಪೆಟ್ಟಿಗೆಯಲ್ಲಿ ಸೀರೆಯಡಿ ಬಚ್ಚಿಟ್ಟಿದ್ದ ಬಾಟಲಿಯನ್ನು ಹಿಡಿದು ಹೊರಗೆ ಬಂದರು. ಒಂದು ಹನಿಯನ್ನು ತಮ್ಮ ಕತ್ತಿಗೆ ತಿಕ್ಕಿಕೊಂಡರು. ಒಂದು ಹನಿಯನ್ನು ನನ್ನ ಕಿವಿಯ ಹಿಂದೆ ಹಚ್ಚಿದರು. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಅವ್ವೋ, ವಾಸ್ನೆ ಇನ್ನೂ ಹೋಗಿಲ್ಲ ಕಣವ್ವೋ!"