ಏರುವ ಕುರ್ಚಿ, ಇಳಿಯುವ ಕುರ್ಚಿ

ನಮ್ಮ ಸಂಸ್ಥೆಯಲ್ಲಿ ಎರಡು ವರ್ಷಕ್ಕೊಮ್ಮೆ ಕುರ್ಚಿ ಹುಡುಕುವ ಕಾಲ ಬರುತ್ತದೆ. ಹಲವು ದೇಶಗಳು ಸೇರಿ ನಡೆಸುವ ಸಂಸ್ಥೆ ಇದು. ಒಂದು ದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ಹರಿಯುವ ನದಿಗಳ ನೆರೆ ಪ್ರವಾಹದ ಲೆಕ್ಕ ನಮ್ಮದು. ನಾನು ಮಾತ್ರ ನದಿಗಳನ್ನು ಕಂಡಿದ್ದು ಕಡಿಮೆ. ನಾನಿರುವುದು ಬಜೆಟ್ ವಿಭಾಗದಲ್ಲಿ. ಯಾವ ಹುದ್ದೆ ಯಾವ ದರ್ಜೆಯದು, ಯಾವುದು ಮೇಲೇರಬೇಕು, ಯಾವುದು ಕೆಳಗಿಳಿಯಬೇಕು ಎಂಬ ಪಟ್ಟಿ ಮಾಡಿ ಸದಸ್ಯ ದೇಶಗಳ ಮುಂದಿಡುವುದು ನನ್ನ ಕೆಲಸ.

ಆ ದೇಶಗಳವರದು ಒಂದೇ ಹಟ. ಒಂದು ಹುದ್ದೆ ಏರಿದರೆ ಒಂದು ಇಳಿಯಬೇಕು, ಪಟ್ಟಿಯ ಕೊನೆಯ ಸಾಲಿನಲ್ಲಿ ಹೆಚ್ಚಿನ ಖರ್ಚು ಸೊನ್ನೆ ಎಂದು ಬರಬೇಕು. ಇಳಿಸುವುದಕ್ಕೂ ನಿಯಮವಿದೆ. ಆಳು ಕೂತಿರುವ ಕುರ್ಚಿಯನ್ನು ಇಳಿಸುವಂತಿಲ್ಲ. ಖಾಲಿ ಇರುವುದನ್ನೇ ಇಳಿಸಬೇಕು. ಹಾಗಾಗಿ ಬಜೆಟ್ ಹತ್ತಿರ ಬಂತೆಂದರೆ ಯಾರು ನಿವೃತ್ತರಾದರು, ಯಾರು ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು ಎಂದು ಇಡೀ ಕಟ್ಟಡ ಲೆಕ್ಕ ಹಾಕುತ್ತದೆ. ಏರಬೇಕಾದ ಹುದ್ದೆಗೆ ಸಿಕ್ಕ ಖಾಲಿ ಕುರ್ಚಿಯನ್ನು ನಾವು ಜೋಡಿ ಎನ್ನುತ್ತೇವೆ.

"ಇದಕ್ಕಿಂತ ಹೆಣ್ಣಿಗೆ ಗಂಡು ಹುಡುಕೋದು ಸುಲಭ ಕಣ್ರೀ. ಅಲ್ಲಿ ಗಂಡು ಬದುಕಿದ್ದರೆ ಸಾಕು. ಇಲ್ಲಿ ಬದುಕಿರಬಾರದು," ಎಂದು ಪ್ರತಿ ಸಲವೂ ಹೇಳಿ ತಾವೇ ನಗುವವರು ನಮ್ಮ ವಿಭಾಗದ ಮುಖ್ಯಸ್ಥರು. ಕೊನೆಯ ಸಾಲು ಸೊನ್ನೆಯಾಗುವ ತನಕ ಊಟಕ್ಕೂ ಏಳದವರಾದ್ದರಿಂದ ಅವರಿಗೆ ಸೊನ್ನೆ ಸಾಹೇಬರು ಎಂದು ಹೆಸರು ಬಿದ್ದಿತ್ತು. ಅವರಿಗೂ ಅದು ಗೊತ್ತಿತ್ತು.

ಈ ಸಲ ಏರಬೇಕಾದ ಹುದ್ದೆಗಳಲ್ಲಿ ನನ್ನದೂ ಇತ್ತು. ಹುದ್ದೆ ತೂಗುವವರು ಬಂದು ನನ್ನ ಪಕ್ಕದಲ್ಲಿ ಕೂತು ಕೆಲಸ ನೋಡಿ, ಇದು ಮೇಲಿನ ದರ್ಜೆಯ ಕೆಲಸ ಎಂದು ಬರೆದುಕೊಟ್ಟು ಹೋಗಿದ್ದರು. ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಹುದ್ದೆಯ ಸಂಖ್ಯೆ ಮಾತ್ರ. ನನ್ನ ಸಂಖ್ಯೆಯನ್ನು ನಾನೇ ಟೈಪ್ ಮಾಡಿದೆ. ಸಂತೋಷವಾಗಬೇಕಿತ್ತು. ಮುಂದಿನ ಸಾಲಿಗೆ ಹೋದೆ.

ಮನೆಯಲ್ಲಿ ನಾನು, ಮಗಳು, ಇಬ್ಬರೇ. ನಮ್ಮಂಥ ಕೆಳಗಿನ ದರ್ಜೆಯವರ ಮಕ್ಕಳು ಹದಿನೆಂಟು ತುಂಬುವವರೆಗೆ ಮಾತ್ರ ಈ ದೇಶದಲ್ಲಿ ನಮ್ಮ ಜೊತೆ ಇರಬಹುದು. ಮೇಲಿನ ದರ್ಜೆಯವರ ಮಕ್ಕಳಾದರೆ ಓದು ಮುಗಿಯುವ ತನಕ. ನನ್ನ ಮಗಳಿಗೆ ಮುಂದಿನ ವರ್ಷ ಹದಿನೆಂಟು. ನನ್ನ ಹುದ್ದೆ ಈ ಪಟ್ಟಿಯಲ್ಲಿ ಏರಿದರೆ ಅವಳು ನನ್ನ ಹತ್ತಿರವೇ ಇದ್ದು ಕಾಲೇಜು ಓದುತ್ತಾಳೆ. ಏರದಿದ್ದರೆ ನಮ್ಮ ದೇಶಕ್ಕೆ, ನನ್ನ ಅಕ್ಕನ ಮನೆಗೆ ಹೋಗಬೇಕು. ಮುಂದಿನ ಪಟ್ಟಿಯ ಹೊತ್ತಿಗೆ ಅವಳು ಹೋಗಿ ಆಗಿರುತ್ತದೆ.

ನನಗೆ ಸಿಕ್ಕ ಒಂದೇ ಒಂದು ಜೋಡಿ ನಕ್ಷೆಯಣ್ಣನ ಕುರ್ಚಿ. ನಮ್ಮ ಮಹಡಿಯಲ್ಲೇ, ಗಾಜಿನ ಗೋಡೆಯ ಆಚೆ, ನೆರೆಯ ನಕ್ಷೆ ಬರೆಯುವವರು ಅವರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೂಸನ್ನು ಬಿಡಲು ಎಲ್ಲೂ ಜಾಗವಿಲ್ಲದ ದಿನಗಳಲ್ಲಿ, ಮಗಳು ಅವರ ಮೇಜಿನ ಕೆಳಗೆ ಹಳೆಯ ನಕ್ಷೆಗಳ ಮೇಲೆ ಬಣ್ಣ ಬಳಿಯುತ್ತಾ ಕೂತಿರುತ್ತಿದ್ದಳು. ಹೋದ ವರ್ಷದ ಕೊನೆಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಇದ್ದಬದ್ದ ರಜೆ ಮುಗಿದು ಸಂಬಳವಿಲ್ಲದ ರಜೆ ಶುರುವಾಗಿತ್ತು. ಪಟ್ಟಿ ಮುಚ್ಚುವ ದಿನ ಅಂಥ ಕುರ್ಚಿಯನ್ನು ಖಾಲಿ ಎಂದೇ ಎಣಿಸುತ್ತಾರೆ. ಆಮೇಲೆ ಆ ಮನುಷ್ಯ ಗುಣವಾಗಿ ಬಂದರೆ, ಇಳಿದ ದರ್ಜೆಯಲ್ಲಿ ಕೂರಬೇಕು, ಇಲ್ಲವೇ ಮನೆಗೆ ಹೋಗಬೇಕು.

ಶನಿವಾರ ಇಸ್ತ್ರಿ ಹಾಕುತ್ತಿದ್ದಾಗ ಅವರ ಫೋನ್ ಬಂತು.

"ತಂಗೀ, ಬಿಡುವಾಗಿದೀಯಾ?" ಮಾತು ಸ್ವಲ್ಪ ಎಳೆಯುತ್ತಿತ್ತು.

"ಹೇಳಿ ಅಣ್ಣ."

"ಡಾಕ್ಟ್ರು ಬೇಕಾದ್ರೆ ಸೋಮವಾರದಿಂದ ಕೆಲಸಕ್ಕೆ ಹೋಗಿ ಅಂದ್ರು. ಇನ್ನೊಂದು ತಿಂಗಳು ಮಲಗಿದ್ರೂ ಒಳ್ಳೇದೇ ಅಂದ್ರು. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋ ಜಾತಿ. ನಿಮ್ಮತ್ತಿಗೆ ಮಲಗು ಅಂತಾಳೆ. ನೀನೇನಂತೀಯ?"

ಹಿಂದಿನಿಂದ ಅತ್ತಿಗೆಯ ದನಿ ಕೇಳಿತು: "ಅವಳನ್ಯಾಕೆ ಕೇಳ್ತೀರಿ? ಅವಳೇನು ಡಾಕ್ಟ್ರಾ?"

"ನಿನಗಿಂತ ವಾಸಿ. ಅವಳು ಗಂಜಿ ಕುಡಿ ಅಂತ ಬಾಯಿಗೆ ತುರುಕಲ್ಲ."

ಇನ್ನೊಂದು ತಿಂಗಳು ಮಲಗಿ ಅಣ್ಣ, ಆರೋಗ್ಯ ಮುಖ್ಯ ಎನ್ನಬಹುದಿತ್ತು. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗುತ್ತಿರಲಿಲ್ಲ.

"ಸೋಮವಾರ ಪಟ್ಟಿ ಮುಚ್ತಾರಣ್ಣ," ಎಂದೆ. "ಅವತ್ತು ನೀವಿಲ್ದಿದ್ರೆ ನಿಮ್ಮ ಕುರ್ಚಿ ಖಾಲಿ ಅಂತ ಇಳಿಯುತ್ತೆ. ಅವತ್ತೊಂದಿನ ಬಂದು ಕೂತ್ಕೊಳ್ಳಿ. ಆಮೇಲೆ ಬೇಕಾದ್ರೆ ಅರ್ಧ ದಿನ ಕೆಲಸ ಮಾಡ್ತೀನಿ ಅನ್ನಿ."



"ನನ್ನನ್ನ ಯಾರಿಗೆ ಜೋಡಿ ಮಾಡಿದ್ರು?"

"ಪಟ್ಟೀಲಿ ಹೆಸರಿರಲ್ಲಣ್ಣ. ನಂಬರು ಅಷ್ಟೇ."

ಫೋನ್ ಇಟ್ಟಾಗ ಮಗಳು ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಜೋಡಿ ಅವರೇ ಅಲ್ವಾ?"

"ಹೂಂ."

"ಮತ್ತೆ ಯಾಕಮ್ಮ ಹೇಳಿದೆ?"

"ಕೇಳಿದ್ರಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಅವಳ ಅಂಗಿಯ ತೋಳನ್ನು ಹಲಗೆಯ ಮೇಲೆ ಎಳೆದು ಸರಿಮಾಡಿದೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಕಾಲರ್ ಇನ್ನೂ ಸುಕ್ಕಿದೆ," ಎಂದು ಹೇಳಿ ಒಳಗೆ ಹೋದಳು.

ಸೋಮವಾರ ನಕ್ಷೆಯಣ್ಣ ಬಂದರು. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಎಡಗೈಯಲ್ಲಿ ಊರುಗೋಲು ಹಿಡಿದು, ಲಿಫ್ಟಿನಿಂದ ತಮ್ಮ ಮೇಜಿನವರೆಗೆ ಯಾರ ನೆರವೂ ಇಲ್ಲದೆ ನಡೆದರು. ಅಂಗಿಯ ಮೇಲೆ ‘ಸಂದರ್ಶಕರು’ ಎಂಬ ಹಳದಿ ಚೀಟಿ ಅಂಟಿತ್ತು.

"ಬನ್ನಿ ಬನ್ನಿ, ದೊಡ್ಡ ಮನುಷ್ಯರು! ಯಾರನ್ನ ನೋಡಬೇಕಿತ್ತು?" ಎಂದು ಅನುವಾದ ವಿಭಾಗದವಳು ಛೇಡಿಸಿದಳು.

"ನನ್ನನ್ನೇ ನೋಡೋಕೆ ಬಂದೆ ಕಣಮ್ಮ. ಇದೀನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಫಿ ಬಂತು, ಯಾರೋ ಬಿಸ್ಕತ್ತು ತಂದರು. ನಾನು ನನ್ನ ಜಾಗಕ್ಕೆ ಬಂದು ಕೂತು, ಸಂಜೆ ಅಳಿಸಬೇಕಾದ ಎರಡು ಸಾಲುಗಳನ್ನು ಗುರುತು ಮಾಡಿಟ್ಟುಕೊಂಡೆ.

ಮಧ್ಯಾಹ್ನದ ಮೇಲೆ ಖಾಲಿ ಕುರ್ಚಿಗಳ ಪಟ್ಟಿ ಬಂತು. ಅದು ಗೇಟಿನ ಯಂತ್ರದಿಂದ ತಾನಾಗಿಯೇ ಬರುತ್ತದೆ. ಸಂಬಳವಿಲ್ಲದ ರಜೆಯಲ್ಲಿದ್ದವರ ಪೈಕಿ ಅಂದು ಯಾರು ಕಾರ್ಡು ಉಜ್ಜಿ ಒಳಗೆ ಬಂದರೋ ಅವರು ಇದ್ದಾರೆ, ಉಳಿದವರು ಇಲ್ಲ. ನಕ್ಷೆಯಣ್ಣನ ಕುರ್ಚಿ ಖಾಲಿ ಎಂದಿತ್ತು. ನಾನು ತಲೆಯೆತ್ತಿ ನೋಡಿದೆ. ಗಾಜಿನ ಗೋಡೆಯ ಆಚೆ ಅವರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಗೆರೆ ಎಳೆಯಲು ನೋಡುತ್ತಿದ್ದರು. ಬೆಳಿಗ್ಗೆ ನಾವೆಲ್ಲ ನಕ್ಕಿದ್ದ ಚೀಟಿ ಹಾಗೇ ಇತ್ತು.

ಸೊನ್ನೆ ಸಾಹೇಬರ ಕೋಣೆಗೆ ಹೋದೆ.

"ಸಾರ್, ನಕ್ಷೆಯಣ್ಣ ಖಾಲಿ ಅಂತ ಬಂದಿದೆ."

"ನೋಡಿದೆ. ರಜೆ ಉದ್ದ ಆಯ್ತಲ್ಲ, ಕಾರ್ಡು ಸತ್ತಿರುತ್ತೆ. ಗೇಟಲ್ಲಿ ಹೊಸ ಹುಡುಗಿ, ಗುರುತು ಸಿಕ್ಕಿಲ್ಲ. ಚೀಟಿ ಅಂಟಿಸಿ ಕಳಿಸಿದಾಳೆ. ಇವರೂ ಜಗಳ ಆಡೋ ಜಾತಿ ಅಲ್ಲ."

"ಆದ್ರೆ ಬಂದಿದಾರಲ್ಲ ಸಾರ್."

"ಗೇಟು ಬಂದಿಲ್ಲ ಅನ್ನುತ್ತೆ. ನಮ್ಮಲ್ಲಿ ಗೇಟು ಹೇಳಿದ್ದೇ ವೇದವಾಕ್ಯ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀವು ಏನೂ ಮಾಡಿಲ್ಲ. ಈಗಲೂ ಏನೂ ಮಾಡಬೇಕಾಗಿಲ್ಲ. ಐದು ಗಂಟೆಗೆ ಪಟ್ಟಿ ಮುಚ್ಚಿಹೋಗುತ್ತೆ. ಮಗಳಿಗೆ ಮುಂದಿನ ವರ್ಷ ಅಲ್ವೇನ್ರೀ ಹದಿನೆಂಟು?"

"ಹೌದು ಸಾರ್."

"ಹೋಗಿ, ಕಾಫಿ ಕುಡೀರಿ."

ನಾನು ಹೋಗಿ ಕಾಫಿ ಕುಡಿದೆ. ಬಿಸಿಯಾಗಿತ್ತು ಎಂದು ನಾಲಗೆ ಸುಟ್ಟ ಮೇಲೆ ತಿಳಿಯಿತು. ಲೋಟ ತೊಳೆದಿಟ್ಟೆ. ಪಕ್ಕದವರ ಲೋಟವನ್ನೂ ತೊಳೆದೆ. ಎಲ್ಲರ ಲೋಟ ತೊಳೆದೆ.

ಮತ್ತೆ ಬಂದಾಗ ನಕ್ಷೆಯಣ್ಣ ನನ್ನ ಮೇಜಿನ ಪಕ್ಕ ನಿಂತಿದ್ದರು. ಬೆವರಿದ್ದರು. ಮುಖದ ಒಂದು ಬದಿ ಬೆಳಿಗ್ಗೆಗಿಂತ ಇಳಿದಿತ್ತು.

"ಸಾಕಾಯ್ತು ತಂಗಿ. ಹೊರಡ್ತೀನಿ. ಕುರ್ಚಿ ಉಳೀತು ತಾನೇ?"

"ನಾನೂ ಕೆಳಗಡೆ ಬರ್ತೀನಿ, ನಡೀರಿ."

ಲಿಫ್ಟಿನಲ್ಲಿ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಗೇಟಿನಲ್ಲಿ ಚೀಟಿ ಕಿತ್ತು ಬುಟ್ಟಿಗೆ ಹಾಕಿದರೆ ಮುಗಿಯಿತು. ಅತ್ತಿಗೆ ಹೊರಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಳು. ಗೇಟಿನ ಎಡಕ್ಕೆ ಕಾರ್ಡಿನ ಕೋಣೆ. ಬಾಗಿಲು ಇನ್ನೂ ತೆರೆದಿತ್ತು. ಅದು ಮುಚ್ಚಿದ್ದರೆ ಎಂದು ನಾನು ಬಯಸಿದೆನೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ. ಅವರ ಕೈ ಅಂಗಿಯ ಚೀಟಿಯ ಕಡೆ ಹೋಯಿತು.

"ಅಣ್ಣಾ, ಒಂದ್ನಿಮಿಷ. ನಿಮಗೆ ಹೊಸ ಕಾರ್ಡು ಮಾಡಿಸ್ಬೇಕು."

"ಇವತ್ತೇ ಬೇಕಾ? ಕಾಲು ನಡುಗ್ತಾ ಇದೆ."

"ಇವತ್ತೇ ಬೇಕು."

ಒಳಗೆ ಸ್ಟೂಲಿನ ಮೇಲೆ ಕೂರಿಸಿದೆ. ಕಾರ್ಡು ಮಾಡುವವನು ಕ್ಯಾಮೆರಾ ತಿರುಗಿಸಿದ. ನಾನು ಅವರ ಕೂದಲು ಒತ್ತಿ, ಕೆಳಗಿಳಿದ ತುಟಿಯ ಅಂಚನ್ನು ನನ್ನ ಕರವಸ್ತ್ರದಿಂದ ಒರೆಸಿದೆ.

"ನಗಬೇಕೇನಪ್ಪ?"

"ಬೇಡಿ ಸಾರ್. ನಕ್ಕರೆ ಯಂತ್ರ ಒಪ್ಪಲ್ಲ."

"ಪುಣ್ಯ. ಈಗ ಅರ್ಧ ಮಾತ್ರ ನಗೋಕೆ ಬರೋದು."

ಕಾರ್ಡು ಬಂತು. ಅವರ ಕೈ ಹಿಡಿದು ಗೇಟಿನ ಯಂತ್ರಕ್ಕೆ ಉಜ್ಜಿಸಿದೆ. ಹಸಿರು ದೀಪ ಹತ್ತಿತು. ಒಳಗೆ ಬಂದರು ಎಂದು ದಾಖಲಾಯಿತು. ಮತ್ತೆ ಉಜ್ಜಿ ಹೊರಗೆ ಹೋದರು. ಅತ್ತಿಗೆ ಟ್ಯಾಕ್ಸಿಯಿಂದಿಳಿದು, "ಮುಖ ನೋಡೇ, ಸುಣ್ಣದ ಹಾಗಾಗಿದೆ! ನಿನ್ನ ಮಾತು ಕೇಳಿ ಕಳಿಸಿದೆನಲ್ಲ," ಎಂದು ನನ್ನನ್ನು ಗದರಿ, ಅವರನ್ನು ಒಳಗೆ ಕೂರಿಸಿಕೊಂಡಳು. "ಹುಷಾರಾಗಿ ಹೋಗಿ ಅತ್ತಿಗೆ," ಎಂದೆ.

ಮೇಲೆ ಬಂದಾಗ ಗೇಟಿನ ಪಟ್ಟಿಯಲ್ಲಿ ಅವರ ಕುರ್ಚಿ ಖಾಲಿ ಎಂದಿರಲಿಲ್ಲ. ಎರಡು ಸಾಲು ಅಳಿಸಿದೆ. ಮೊದಲು ಅವರದು, ಆಮೇಲೆ ನನ್ನದು. ಏರಿಕೆಯೂ ಹೋಯಿತು, ಇಳಿಕೆಯೂ ಹೋಯಿತು. ಕೊನೆಯ ಸಾಲಿನಲ್ಲಿ ಸೊನ್ನೆ ಮೊದಲಿನ ಹಾಗೆಯೇ ಇತ್ತು.

ಸೊನ್ನೆ ಸಾಹೇಬರು ಹಿಂದೆ ನಿಂತು ನೋಡುತ್ತಿದ್ದರು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲಮ್ಮ," ಎಂದರು. ಅವರು ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. ಸಹಿ ಮಾಡಿ ಪಟ್ಟಿ ಕಳಿಸಿದರು.

ಮನೆಗೆ ಹೋದಾಗ ಮಗಳು ಅನ್ನಕ್ಕಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ತೆರೆದು ನಿಂತಿದ್ದಳು.

"ಬಂದ್ರಾ ಅವರು?"

"ಬಂದ್ರು."

"ಕೈ ಹೇಗಿದೆ?"

"ಇನ್ನೂ ಏಳಲ್ಲ. ಎಡಗೈಲಿ ಬರೀತಾರೆ."

ಅವಳು ಒಲೆಯ ಉರಿ ಸಣ್ಣ ಮಾಡಿದಳು. ನಾನು ಕೈ ತೊಳೆದು ಈರುಳ್ಳಿ ಹೆಚ್ಚತೊಡಗಿದೆ. ಈರುಳ್ಳಿಗೂ ಕಣ್ಣಲ್ಲಿ ನೀರು ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು.

"ಅಮ್ಮಾ, ದೊಡ್ಡಮ್ಮನ ಮನೇಲಿ ನನಗೆ ಬೇರೆ ಕೋಣೆ ಕೊಡ್ತಾರಾ, ಅಜ್ಜಿ ಜೊತೇನಾ?"

"ಅಜ್ಜಿ ಜೊತೆ ಅನ್ಸುತ್ತೆ."

"ಅಜ್ಜಿ ಗೊರಕೆ ಹೊಡೀತಾರೆ."

"ನೀನೂ ಹೊಡೀತೀಯ."

"ಸುಳ್ಳು!"

"ಗೋಡೆ ಆಚೆಯಿಂದ ದಿನಾ ಕೇಳ್ತೀನಿ ಕಣೇ."

ಅವಳು ಪುಸ್ತಕ ಮುಚ್ಚಿ ನನ್ನ ಪಕ್ಕಕ್ಕೆ ಬಂದಳು. ನನ್ನ ಕೈಯಿಂದ ಚಾಕು ತೆಗೆದುಕೊಂಡು ಉಳಿದ ಈರುಳ್ಳಿಯನ್ನು ದಪ್ಪದಪ್ಪಗೆ, ತನಗೆ ಬಂದ ಹಾಗೆ ಹೆಚ್ಚಿದಳು. ತೆಳ್ಳಗೆ ಹೆಚ್ಚುವುದನ್ನು ಇವಳಿಗೆ ಇನ್ನೂ ಕಲಿಸಿಯೇ ಇಲ್ಲವಲ್ಲ ಎಂದುಕೊಂಡು, ಅವಳ ಬೆರಳ ಮೇಲೆ ಬೆರಳಿಟ್ಟು ತೋರಿಸತೊಡಗಿದೆ.