ದೇಸಾಯರ ಹೆಗಲು

ಮಸ್ಕಿ ಸೀಮೆಯ ಆ ಹಳ್ಳಿಯ ಕೆಳಗಿನ ಕೇರಿಯವರು ಎರಡು ವರ್ಷದಿಂದ ದೇವರಿಗಿಂತ ಹೆಚ್ಚಾಗಿ ದೇಸಾಯರ ಬಲಹೆಗಲಿಗೆ ಕೈಮುಗಿಯುತ್ತಿದ್ದರು. ಆ ಹೆಗಲು ನೋಯುವಷ್ಟು ದಿನ ಬೇಟೆಯಿಲ್ಲ, ಬೇಟೆಯಿಲ್ಲದಷ್ಟು ದಿನ ಹಾಂಕಾ ಇಲ್ಲ. ಹಾಂಕಾ ಎಂದರೆ ಕೇರಿಯ ಗಂಡಸರೆಲ್ಲ ಹಲಗೆ ಬಡಿಯುತ್ತ, ಬೊಬ್ಬೆ ಹೊಡೆಯುತ್ತ ಗುಡ್ಡ ಹತ್ತಿ, ಗವಿಯೊಳಗಿನ ಕರಡಿಯನ್ನು ಎಬ್ಬಿಸಿ ದೇಸಾಯರ ಬಂದೂಕಿನ ಮುಂದೆ ಅಟ್ಟುವ ಬಿಟ್ಟಿ ಚಾಕರಿ. ಕರಡಿ ಬಂದೂಕಿನ ಕಡೆಗೇ ಓಡಬೇಕೆಂದು ಎಲ್ಲಿಯೂ ಬರೆದಿರಲಿಲ್ಲ.

ಎರಡು ವರ್ಷದ ಹಿಂದಿನ ಹಾಂಕಾದಲ್ಲಿ ಅದು ಸಮಗಾರ ಆದೆಪ್ಪನ ಹಿರಿಮಗ ಅಂಬಪ್ಪನ ಕಡೆಗೆ ಓಡಿತ್ತು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದಾಗ ಮುಖ ಯಾವುದು ಎಂದು ಹೆತ್ತ ತಾಯಿಗೂ ಗುರುತು ಸಿಗಲಿಲ್ಲ.

ಅದೇ ದಿನ ದೇಸಾಯರ ಹೆಗಲೂ ಊದಿಕೊಂಡಿತು. ಅವರದು ಜೋಡು ನಳಿಗೆಯ ರೈಫಲ್. ಲಿಂಗಸುಗೂರಿನ ದಂಡಿನ ಛಾವಣಿ ಎತ್ತಿ ಹೋಗುವಾಗ ಒಬ್ಬ ಬಿಳಿ ಸಾಹೇಬನಿಂದ ಅವರ ತಂದೆ ಕೊಂಡದ್ದು. ಗುಂಡು ಹಾರಿದಾಗ ಹೇಸರಗತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತಿತ್ತು. ಆ ಒದೆತ ತಡೆಯಲೆಂದೇ ಹೆಗಲಿಗೆ ಆನಿಸುವ ಹಿಡಿಯ ತುದಿಗೆ ರಬ್ಬರಿನ ಮೆತ್ತೆ ಇತ್ತು. ಬರೀ ರಬ್ಬರು ಎತ್ತುವಾಗ ಅಂಗಿಗೆ ಕಚ್ಚಿಕೊಳ್ಳುತ್ತದೆಂದು ಮೇಲೆ ತೆಳ್ಳನೆಯ ತೊಗಲು. ನಮ್ಮ ಸೀಮೆಯ ಬಿಸಿಲಿಗೆ ಒಳಗಿನ ರಬ್ಬರು ಪುಡಿಯಾಗಿ, ಆ ದಿನ ಹೊಡೆತವೆಲ್ಲ ಎಲುಬಿಗೇ ಬಿತ್ತು. ಅವತ್ತಿನಿಂದ ರೈಫಲ್ ಪೆಟ್ಟಿಗೆ ಸೇರಿತು. ಕೇರಿ ನೆಮ್ಮದಿಯಾಗಿ ಉಸಿರಾಡಿತು.

ಆದೆಪ್ಪನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಅದಕ್ಕೂ ಹಿಂದೆ ಒಮ್ಮೆ ಆ ಮೆತ್ತೆ ಹರಿದಾಗ ಎಳೆ ಮೇಕೆಯ ತೊಗಲನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಹೆರೆದು ಹೊದಿಸಿಕೊಟ್ಟವನು ಅವನೇ. ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಕಾಣುತ್ತಿರಲಿಲ್ಲ. ದೇಸಾಯರು ಮೆಚ್ಚಿ ಕೆಂಪು ರುಮಾಲು ಕೊಟ್ಟರು, ಹುರುಪಿನಿಂದ ವರ್ಷವರ್ಷವೂ ಬೇಟೆಗೆ ಹೊರಟರು. ಕೊನೆಗೆ ಅಂಬಪ್ಪ ಹೋದ. ತನ್ನ ಕೈಕೆಲಸ ಒಂದಿಷ್ಟು ಕೆಟ್ಟಿದ್ದರೆ ಮಗ ಉಳಿಯುತ್ತಿದ್ದ ಎಂಬ ಸಂಕಟ ಅವನನ್ನು ಒಳಗೇ ತಿನ್ನುತ್ತಿತ್ತು. ಆ ರುಮಾಲನ್ನು ಅವನು ಮತ್ತೆ ತಲೆಗೆ ಸುತ್ತಲಿಲ್ಲ.

ಕಡಲೆ ಕಿತ್ತು ಮುಗಿದ ಹೊತ್ತಿನಲ್ಲಿ, ದೇಸಾಯರ ವಾಡೆಯ ಬಂದೂಕುಗಳನ್ನು ನೋಡಿಕೊಳ್ಳುವ ರಾಜೇಸಾಬ್ ಕೇರಿಗೆ ಬಂದ. ಕಂಕುಳಲ್ಲಿ ನಳಿಗೆ ಬಿಚ್ಚಿದ ರೈಫಲಿನ ಹಿಡಿ, ಕೈಯಲ್ಲಿ ಒಂದು ಪೊಟ್ಟಣ.

"ಆದೆಪ್ಪ, ಹೈದ್ರಾಬಾದಿಂದ ಹೊಸಾ ರಬ್ಬರ ಬಂದೈತಿ. ಹಳೇದು ಕಿತ್ತು ಇದನ್ನ ಕೂಡ್ಸು. ಮ್ಯಾಲೆ ಆಗಿನಂಗ ತೊಗಲು ಹೊದಸು. ಅಮಾಸಿ ಮುಗದ ಮ್ಯಾಲೆ ಹಾಂಕಾ ಐತಿ."

"ಯಾರ್ಯಾರು ಹೋಗ್ಬೇಕಂತ್ರಿ, ಸಾಬ್ರ?"

"ಇಡೀ ಕೇರಿ. ನಿನ್ನ ಸಣ್ಣ ಮಗಾ ಗಿಡ್ಡಪ್ಪನ್ನೂ ಕರಕೊಂಡು ಬಾ ಅಂದಾರ." ರಾಜೇಸಾಬ್ ಮುಖ ಆ ಕಡೆ ಮಾಡಿಕೊಂಡು ಹೇಳಿದ. ಅವತ್ತು ಅಂಬಪ್ಪನನ್ನು ಹೊತ್ತು ತಂದ ಕಂಬಳಿಯ ಒಂದು ತುದಿ ಅವನ ಕೈಯಲ್ಲೇ ಇತ್ತು.

ಅವನು ಹೋದ ಮೇಲೆ ಆದೆಪ್ಪನ ಹೆಂಡತಿ ಮುದುಕಮ್ಮ ಬಾಗಿಲಿಗೆ ಬಂದು ನಿಂತಳು. ಒಳಗೆ ಗಿಡ್ಡಪ್ಪನ ಬಸುರಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ಆಗ ಭಾಳ ಚೊಲೊ ಮಾಡಿ ಕೊಟ್ಟಿದ್ದಿ," ಎಂದಳು ಮುದುಕಮ್ಮ. ಬೈದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ.

ಆದೆಪ್ಪನಿಗೆ ಸಾಕಾಗಿಹೋಗಿತ್ತು. ಮಾಡುವುದಿಲ್ಲ ಅಂದರೆ ಚಡಿ ಏಟು, ಆಮೇಲೆ ಲಿಂಗಸುಗೂರಿನಿಂದ ಬೇರೆ ಸಮಗಾರ ಬರುತ್ತಾನೆ. ಮಾಡಿದರೆ ಗಿಡ್ಡಪ್ಪ ಗುಡ್ಡ ಹತ್ತುತ್ತಾನೆ. ಬಹಳ ಹೊತ್ತು ಆ ರಬ್ಬರನ್ನು ಹಿಸುಕುತ್ತ ಕೂತ. ಕೂಸಿನ ಕೆನ್ನೆಯಂತೆ ಮೆತ್ತಗಿತ್ತು. ಆಮೇಲೆ ಎದ್ದು, ಕಾಲುಜೋಡಿನ ಅಟ್ಟೆಗೆಂದು ಇಟ್ಟಿದ್ದ ಎಮ್ಮೆ ತೊಗಲು ತೆಗೆದ.

ಪದರದ ಮೇಲೆ ಪದರವಿಟ್ಟು, ನೀರು ಚಿಮುಕಿಸಿ, ಕಲ್ಲಿನ ಮೇಲೆ ಕುಟ್ಟಿದ. ಎಮ್ಮೆ ತೊಗಲು ಹಾಗೆ ಕುಟ್ಟಿಸಿಕೊಂಡು ಒಣಗಿದರೆ ಜಾಲಿ ಕಟ್ಟಿಗೆಯೂ ಅದರ ಮುಂದೆ ಮೆತ್ತಗೆ. ಒದೆತ ನೇರ ಎಲುಬಿಗೇ ತಾಗಲೆಂದು ನಡುವೆ ತುಸು ಉಬ್ಬು ಬಿಟ್ಟ. ಮುದುಕಮ್ಮ ಬಂದು ಕಲ್ಲು ಅಲುಗದಂತೆ ಹಿಡಿದಳು. ಹೆಬ್ಬೆರಳಿಂದ ಒತ್ತಿ ನೋಡುವವರಿಗೆ ಮೋಸ ಗೊತ್ತಾಗಬಾರದೆಂದು ಮೇಲೆ ಒಂದೇ ಒಂದು ತೆಳು ರಬ್ಬರಿನ ಹಾಳೆ, ಅದರ ಮೇಲೆ ಮೇಕೆಯ ತೊಗಲು. ಹೊಲಿಗೆ ಮಾತ್ರ ಮೊದಲಿಗಿಂತ ಚಂದ ಬಂತು. ಉಳಿದ ರಬ್ಬರು ತೊಗಲು ನೆನೆಹಾಕುವ ಬಾನಿಯ ತಳ ಸೇರಿತು.

ಒಯ್ಯಲು ಬಂದ ರಾಜೇಸಾಬ್ ಹಿಡಿಯನ್ನು ಕೈಯಲ್ಲಿ ತೂಗಿ ನೋಡಿದ.

"ಈ ಸಲ ವಜನ ಜಾಸ್ತಿ ಬಂದಂಗೈತಲ್ಲ."

"ಹೊಸಾ ರಬ್ಬರಲ್ಲೇನ್ರಿ ಸಾಬ್ರ."

ರಾಜೇಸಾಬ್ ಅವನ ಮುಖವನ್ನೇ ನೋಡಿದ. "ಹೌದು. ಹೊಸಾ ರಬ್ಬರ," ಎಂದು ಹೊರಟುಹೋದ.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಊರ ಹೊರಗಿನ ಬಯಲಲ್ಲಿ ಕೇರಿಯ ಗಂಡಸರೆಲ್ಲ ಹಲಗೆ ಹಿಡಿದು ನಿಂತಿದ್ದರು. ಗಿಡ್ಡಪ್ಪನೂ ಇದ್ದ. ಗುಡ್ಡಕ್ಕೆ ಹೋಗುವ ಮುಂಚೆ ದೇಸಾಯರು ಒಂದು ಗಡಿಗೆಗೆ ಗುರಿಯಿಟ್ಟು ರೈಫಲ್ ಪರೀಕ್ಷೆ ಮಾಡುವವರಿದ್ದರು. ಗೌಡರು, ಶಾನುಭೋಗರು ಜಮಖಾನದ ಮೇಲೆ ಕೂತಿದ್ದರು. ದೇಸಾಯರು ಮೆತ್ತೆಯನ್ನು ಹೆಬ್ಬೆರಳಿಂದ ಒತ್ತಿ, ಶಾಭಾಸ್ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲ್ಕು ಜನರೆದುರು ಅವರಿಗೆ ತಮಾಷೆ ಮಾಡುವ ಹುಕಿ ಬಂತು.

"ಲೇ ಆದ್ಯಾ, ಅಡಗಿ ಮಾಡಿದಾವನ ಮದ್ಲು ರುಚಿ ನೋಡ್ಬೇಕು. ಎರಡು ನಳಗಿ ಅದಾವ. ಒಂದು ನಿಂದು, ಒಂದು ನಂದು. ಬಾ."

ಎಲ್ಲರೂ ನಕ್ಕರು. ಇದೊಂದನ್ನು ಆದೆಪ್ಪ ಯೋಚಿಸಿಯೇ ಇರಲಿಲ್ಲ. ಒಲ್ಲೆ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದಮೇಲೆ ಮೆತ್ತೆ ಬಿಚ್ಚುತ್ತಾರೆ, ಮೆತ್ತೆ ಬಿಚ್ಚಿದರೆ ತನ್ನ ಚರ್ಮ ಸುಲಿಯುತ್ತಾರೆ. ರಾಜೇಸಾಬ್ ರೈಫಲನ್ನು ಅವನ ಹೆಗಲಿಗೆ ಆನಿಸುತ್ತ, "ಒತ್ತಿ ಹಿಡಿ, ಸಡಲ ಬಿಡಬ್ಯಾಡ," ಎಂದು ಕಿವಿಯಲ್ಲಿ ಹೇಳಿದ. ಆಗ ಆದೆಪ್ಪನಿಗೆ ತಿಳಿಯಿತು, ಈತನಿಗೆ ಎಲ್ಲ ಗೊತ್ತು.

ಗುಂಡು ಹಾರಿತು. ಹೆಗಲೊಳಗೆ ಏನೋ ಲಟಕ್ಕೆಂದಿತು. ಕಣ್ಣಿಗೆ ಕತ್ತಲು ಕವಿಯಿತು. ಕೂಗು ಗಂಟಲಿಗೆ ಬಂತು. ಪಕ್ಕಕ್ಕೆ ಹಲಗೆ ಹಿಡಿದು ನಿಂತ ಗಿಡ್ಡಪ್ಪ ಕಂಡ. ಆದೆಪ್ಪ ಆ ಕೂಗನ್ನು ನುಂಗಿದ.

"ಹೆಂಗೈತಲೇ?"

"ಹೂವ ಇಟ್ಟಂಗ ಆತ್ರೀ, ಧಣಿ," ಎಂದು ನಕ್ಕ. ಆ ನಗು ಹೇಗೆ ಬಂತೋ ಅವನಿಗೇ ಗೊತ್ತಿಲ್ಲ.

ದೇಸಾಯರು ಖುಷಿಯಿಂದ ರೈಫಲ್ ತೆಗೆದುಕೊಂಡು ಎರಡನೆಯ ನಳಿಗೆ ಹಾರಿಸಿದರು. ಗಡಿಗೆ ಗಡಿಗೆಯಾಗಿಯೇ ಉಳಿಯಿತು. ದೇಸಾಯರ ಮೀಸೆ ನಡುಗಿತು, ಮುಖ ಬಿಳಿಚಿತು, ಕಣ್ಣಲ್ಲಿ ನೀರು ತುಂಬಿತು. ಹೊಗೆ ಕರಗುವವರೆಗೆ ಅವರು ಅಲುಗಲಿಲ್ಲ.

"ಹೆಂಗಾತ್ರಿ, ಸರಕಾರ?" ಗೌಡರು ಕೇಳಿದರು.

ದೇಸಾಯರು ಆದೆಪ್ಪನ ಕಡೆ ನೋಡಿದರು. ನರೆತ ಗಡ್ಡದ, ಒಣಗಿದ ಮುದುಕ ಇನ್ನೂ ನಗುತ್ತಲೇ ನಿಂತಿದ್ದ. ಸಮಗಾರ ಹೂವು ಎಂದದ್ದನ್ನು ದೇಸಾಯರು ಕಲ್ಲು ಎನ್ನುವುದು ಹೇಗೆ?

"ಚೊಲೊ ಐತಿ," ಎಂದರು ಹಲ್ಲು ಕಚ್ಚಿ. ರೈಫಲನ್ನು ಎಡಗೈಯಿಂದ ರಾಜೇಸಾಬನಿಗೆ ಕೊಟ್ಟರು. "ಆದ್ರ ಈಗ ಗುಡ್ಡದಾಗ ಮಿಕಾ ಎಲ್ಲೈತಿ? ಸುಮ್ಮನ ಜನಾ ಯಾಕ ದಣಸೋದು? ಎತ್ತಿಡು ಇದನ್ನ. ಹೋಗ್ರಲೇ, ಮನಿಗೆ ಹೋಗ್ರಿ."

ಕೇರಿಯವರು ಮತ್ತೆ ಕರೆದಾರೆಂಬ ಹೆದರಿಕೆಯಲ್ಲಿ ಬೇಗ ಬೇಗ ಚದುರಿದರು. ಆದೆಪ್ಪ ಎಲ್ಲರಿಗಿಂತ ಹಿಂದೆ, ನೆಟ್ಟಗೆ, ಮೆಲ್ಲಗೆ ನಡೆದ. ಊರ ಅಗಸಿ ಬಾಗಿಲು ದಾಟಿದ ಮೇಲೆ ಬೇವಿನ ಗಿಡ ಹಿಡಿದು ಕುಸಿದ. ಗಿಡ್ಡಪ್ಪ ಅವನನ್ನು ಎತ್ತಿಕೊಂಡೇ ಮನೆಗೆ ತಂದ.

ಮುದುಕಮ್ಮ ಹರಳೆಣ್ಣೆ ಬಿಸಿ ಮಾಡಿ ತಂದಳು. ಅಂಗಿ ಬಿಚ್ಚಿದಾಗ ಹೆಗಲೆಲುಬು ಎರಡಾಗಿ ತೊಗಲಿನ ಕೆಳಗೆ ಎದ್ದು ನಿಂತಿತ್ತು. ಬಲಗೈ. ತೊಗಲು ಚುಚ್ಚುವ ಆರಿ ಹಿಡಿಯುವ ಕೈ.

"ಇನ್ನ ಹೊಲಿಯಾಕ ಬರೂದಿಲ್ಲ ಇದು," ಎಂದ ಆದೆಪ್ಪ.

"ಬರದಿದ್ರ ಬಿಡು. ಗಿಡ್ಡಪ್ಪ ಅದಾನ," ಎಂದಳು ಅವಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಂಬಪ್ಪ ಸತ್ತ ದಿನ ಅತ್ತ ಹಾಗೆಯೇ ಅತ್ತಳು.

ಹೆಗಲು ಮುರಿದ ಕೈಯನ್ನು ಕೊರಳಿಗೆ ಕಟ್ಟಬೇಕಿತ್ತು. ಮನೆಯಲ್ಲಿ ಗಟ್ಟಿ ಅರಿವೆ ಇರಲಿಲ್ಲ. ಅವಳು ಕಣ್ಣೊರೆಸಿಕೊಂಡು ಎದ್ದು, ಪೆಟ್ಟಿಗೆಯ ತಳದಿಂದ ದೇಸಾಯರ ಕೆಂಪು ರುಮಾಲು ತೆಗೆದಳು. ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ. ಪರ್ರನೆ ನಡುವೆ ಹರಿದಳು.