ಹೋತ ಮೆಚ್ಚಿದ ರ‍್ಯಾಂಪು

ರ‍್ಯಾಂಪನ್ನು ಕಂಡ ಕೂಡಲೇ ಮೇಘಾಳ ಬಾಯಿಗೆ ಒಂದು ಮಾತು ಬಂತು. ಅದನ್ನು ನುಂಗಿ, ಅದಕ್ಕಿಂತ ಮೆತ್ತನೆಯದೊಂದನ್ನು ಹುಡುಕತೊಡಗಿದಳು.

ಅವಳು ಕೊಟ್ಟೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಅವಳ ಗಾಲಿಕುರ್ಚಿಯನ್ನು ಇಷ್ಟು ವರ್ಷ ತಳ್ಳಿದವಳು ತಾಯಿ ಹಂಪಮ್ಮ. ಬೆನ್ನ ಹಿಂದೆ ಯಾರ ಕೈಯೂ ಇಲ್ಲದೆ ಮನೆಯಿಂದ ಹೊರಬೀಳಬೇಕೆಂಬ ಆಸೆಗೇ ಮೇಘಾ ಗಾದೆಪ್ಪನ ಹೊಸ ಅಪಾರ್ಟ್‌ಮೆಂಟಿನಲ್ಲಿ ನೆಲಮಹಡಿಯ ಮನೆ ಗೊತ್ತು ಮಾಡಿದ್ದಳು. ರ‍್ಯಾಂಪ್ ಕಟ್ಟಿಸಿಕೊಡುತ್ತೇನೆಂದು ಗಾದೆಪ್ಪ ಮಾತು ಕೊಟ್ಟಿದ್ದ. ಕಟ್ಟಿಸಿಯೂ ಇದ್ದ. ಮೋಟಾಗಿ, ಗೋಡೆಗೆ ಏಣಿ ಒರಗಿಸಿದ ಹಾಗಿತ್ತು. ಮೇಲೆ ಅಡ್ಡಡ್ಡಲಾಗಿ ಸಿಮೆಂಟಿನ ದಪ್ಪ ಪಟ್ಟಿಗಳು.

“ಸ್ವಲ್ಪ ಏರು ಜಾಸ್ತಿ ಆಗೇತೇನೋ ಅನ್ನಿಸ್ತೈತ್ರಿ,” ಎಂದಳು.

“ಏನ್ ಜಾಸ್ತಿರೀ ಮೇಡಮ್ಮಾರ?” ಗಾದೆಪ್ಪ ಪೂಜೆಯ ತೆಂಗಿನಕಾಯಿ ಹಿಡಿದು ನಿಂತಿದ್ದ. “ನಮ್ಮ ಯರ್ರೆಪ್ಪ ಮೇಸ್ತ್ರಿ ಇಂಥಾವು ಊರೂರಾಗ ಕಟ್ಟ್ಯಾನ.”

“ಎಲ್ಲೆಲ್ಲಿ ಕಟ್ಟೀರಿ?” ಮೇಘಾ ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯನ್ನು ಕೇಳಿದಳು.

“ಕುರಿ ಸಂತಿಯಾಗರೀ,” ಎಂದ ಯರ್ರೆಪ್ಪ, ಹೆಮ್ಮೆಯಿಂದ. “ಕುರಿ ಲಾರಿಗೆ ಹತ್ತಸಾಕ. ಆ ಪಟ್ಟಿ ಅದಾವಲ್ಲ, ಗೊರಸು ಜಾರಬಾರದಂತ.”

ಮೇಘಾ ತನ್ನ ಗಾಲಿಗಳನ್ನೊಮ್ಮೆ ನೋಡಿಕೊಂಡಳು.

“ನಾ ತಳ್ತೀನಿ ಬಿಡಬೇ,” ಎಂದು ಹಂಪಮ್ಮ ಸೆರಗು ಸಿಕ್ಕಿಸಿದಳು. ಮೇಘಾಗೆ ಬೇಡವಾಗಿದ್ದುದೇ ಅದು. ಇವತ್ತು ಹೂಂ ಎಂದರೆ ತಾಯಿಯ ಸೊಂಟ ಬೀಳುವವರೆಗೂ ಹೂಂ. ಆದರೆ ತೆಂಗಿನಕಾಯಿ ಹಿಡಿದು ನಿಂತವನಿಗೆ ಒಲ್ಲೆ ಅನ್ನುವುದು ಹೇಗೆ?

ಅಷ್ಟರಲ್ಲಿ ರಸ್ತೆಯಲ್ಲಿ ಗಂಟೆಯ ಸದ್ದಾಯಿತು. ಮೈಲಾರಲಿಂಗಪ್ಪನ ಕುರಿಹಿಂಡು ಬರುತ್ತಿತ್ತು. ಮುಂದಿದ್ದ ಹೋತ ನಿಂತಿತು, ರ‍್ಯಾಂಪನ್ನು ನೋಡಿತು, ಹಳೆಯ ಪರಿಚಯದವರ ಮನೆಗೆ ಬಂದಂತೆ ಟಕಟಕ ಹತ್ತಿತು. ಹಿಂಡೆಲ್ಲ ಅದರ ಬೆನ್ನು ಹತ್ತಿತು. ಪಡಸಾಲೆ ದಾಟಿ, ಮೆಟ್ಟಿಲೇರಿ, ಗೃಹಪ್ರವೇಶಕ್ಕೆಂದು ತೊಳೆದಿಟ್ಟಿದ್ದ ಮೇಲ್ಮಹಡಿಯ ಗಾದೆಪ್ಪನ ಮನೆಯನ್ನೇ ಹೊಕ್ಕಿತು. ಗಾದೆಪ್ಪ ತೆಂಗಿನಕಾಯಿ ಸಮೇತ ಓಡಿದ.

ಮೈಲಾರಲಿಂಗಪ್ಪ ನಿಧಾನವಾಗಿ ಬಂದು, ಕೋಲಿನಿಂದ ಪಟ್ಟಿಗಳನ್ನು ತಟ್ಟಿ ನೋಡಿದ. “ಪಸಂದ್ ಕಟ್ಟ್ಯಾರ. ಲಾರಿ ಎಲ್ಲೈತಿ?”

ಮೇಲಿನಿಂದ ಪಾತ್ರೆ ಉರುಳಿದ ಸದ್ದು, ಗಾದೆಪ್ಪನ ಹೆಂಡತಿಯ ಬೈಗುಳ ಒಟ್ಟಿಗೇ ಇಳಿದುಬಂದವು. ಹಿಂದೆಯೇ ಗಾದೆಪ್ಪನೂ ಇಳಿದ, ಪಂಚೆಗೆ ಹಿಕ್ಕೆ ಮೆತ್ತಿಕೊಂಡು.

“ಗಾದೆಪ್ಪನೋರ,” ಎಂದಳು ಮೇಘಾ. “ಇದು ಕುರಿಗೆ ಐತಿ. ನನಗ ಉದ್ದಕ್ಕ, ನುಣ್ಣಗ, ನಾನೊಬ್ಬಾಕಿನೇ ಹತ್ತೋ ಹಂಗ ಬೇಕು. ಅಲ್ಲೀತನಕ ಈ ಮನಿ ಒಲ್ಲೆ.” ಮಾತಿನಲ್ಲಿ ಒಂದೂ ‘ಸ್ವಲ್ಪ’ ಇರಲಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಗಾದೆಪ್ಪ ಮಹಡಿಯತ್ತ ನೋಡಿದ. “ಒಡೀಲೇ ಯರ್ರೆಪ್ಪ.”

“ಕಾಯೀನ್ರಿ?”

“ರ‍್ಯಾಂಪು.”

ಹೊಸ ರ‍್ಯಾಂಪು ಹದಿನೈದು ದಿನದಲ್ಲಿ ಗೋಡೆಗುಂಟ ಉದ್ದಕ್ಕೆ ಹರಿದು, ಒಮ್ಮೆ ತಿರುಗಿ, ಗಾದೆಪ್ಪ ಜೀಪು ನಿಲ್ಲಿಸುವ ಜಾಗವನ್ನು ನುಂಗಿಕೊಂಡಿತು. ಮೇಘಾ ಹತ್ತತೊಡಗಿದಳು. ಹಿಂದೆ ಹಂಪಮ್ಮ ರೂಢಿಯಂತೆ ಕೈ ಚಾಚಿ, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟುಕೊಂಡಳು.

ಅರ್ಧ ದಾರಿಯಲ್ಲಿ ಮತ್ತೆ ಗಂಟೆಯ ಸದ್ದು. ಹೋತ ಬಂದು ರ‍್ಯಾಂಪನ್ನು ಮೂಸಿತು, ಒಂದು ಕಾಲಿಟ್ಟಿತು, ಕಾಲು ತೆಗೆದು ಮುಂದಕ್ಕೆ ನಡೆಯಿತು.

“ಒಪ್ಪಲಿಲ್ಲ ನೋಡ್ರಿ,” ಯರ್ರೆಪ್ಪನ ಮುಖ ಸಪ್ಪಗಾಯಿತು. “ಕೆಲಸ ಕೆಟ್ಟಂಗ.”

ಮೇಘಾ ಅಷ್ಟರಲ್ಲಿ ಬಾಗಿಲು ಮುಟ್ಟಿ ಏದುಸಿರು ಬಿಡುತ್ತಿದ್ದಳು. “ಇಲ್ರಿ ಮೇಸ್ತ್ರಿ,” ಎಂದಳು, “ಬಾಳ ಛಲೋ ಆಗೇತಿ.”